ಅಪ್ ಅಂದ್ರೆ ಏನ್ ಸಾರ್?

ಗುರುವಾರ ಮಧ್ಯಾಹ್ನ ದಾವಣಗೆರೆ ಎಪಿಎಂಸಿಯ ಒಂದು ಮಂಡಿಯಲ್ಲಿ ಮೆಕ್ಕೆಜೋಳದ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಮೂರು ದಿನದಿಂದ ನಮ್ಮ ಸಾಫ್ಟ್‌ವೇರಿನಿಂದ ರೈತರಿಗೆ ತೂಕ, ದರದ ಮೆಸೇಜ್ ಹೋಗಿರಲಿಲ್ಲ. ಬೆಳಗ್ಗೆಯಿಂದ ಫೋನಿನಲ್ಲೇ ನಾಲ್ಕು ಸಲ "ಎಲ್ಲಾ ಅಪ್ ಇದೆ ಮೇಡಂ" ಅಂದಿದ್ದೆ. ಐದನೇ ಸಲ ಮಂಡಿಯಲ್ಲಿ ಲೆಕ್ಕ ಬರೆಯೋ ಹುಡುಗಿ ಕೇಳಿದಳು: "ಅಪ್ ಅಂದ್ರೆ ಏನ್ ಸಾರ್? ಕರೆಂಟ್ ಬಂದೈತಿ ಅಂತಾನೋ, ಕೆಲ್ಸ ನಡೀತೈತಿ ಅಂತಾನೋ?"

ಉತ್ತರ ಹೊಳೆಯಲಿಲ್ಲ. ಸ್ಕೂಟರ್ ಹತ್ತಿ ಮಂಡಿಗೇ ಬಂದೆ.

ಮಾಲೀಕರು ಒಳ್ಳೆಯವರೇ, ಆದರೆ ಸಾಫ್ಟ್‌ವೇರ್ ಅಂದರೆ ಟ್ರ್ಯಾಕ್ಟರ್ ಅಂದುಕೊಂಡಿದ್ದಾರೆ, ಒದ್ದರೆ ಸ್ಟಾರ್ಟ್ ಆಗಬೇಕು. ಈ ಹುಡುಗಿ ಹಾಗಲ್ಲ. ಹೆಗಲ ಹಿಂದೆಯೇ ನಿಂತು ಪರದೆ ನೋಡುತ್ತಿದ್ದಳು.

ಮತ್ತೆ ಡಾಕರ್ ಕಂಪೋಸ್ ಪಿಎಸ್ ಹೊಡೆದೆ, ಕಂಟೇನರ್ ಅನ್ನೋ ಬೇರೆ ಬೇರೆ ಡಬ್ಬಿಗಳಲ್ಲಿ ಓಡೋ ನಮ್ಮ ಪ್ರೋಗ್ರಾಂಗಳ ಸ್ಥಿತಿ ತೋರಿಸೋ ಕಮಾಂಡು. ವೆಬ್, ಡೇಟಾಬೇಸ್, ಮೆಸೇಜ್ ಕಳಿಸೋ ವರ್ಕರ್, ಮೂರೂ ಅಪ್, ಒಂಬತ್ತು ದಿನದಿಂದ. "ನೋಡ್ರಿ" ಅಂದೆ. ಅವಳು ನೋಡಿದಳು, ಏನೂ ಅನ್ನಲಿಲ್ಲ. ಅದೇ ಚುಚ್ಚಿತು.

ವರ್ಕರ್ ಕಂಟೇನರ್ ಒಳಗೇ ಹೊಕ್ಕು, ಯಾವ ಪ್ರೋಸೆಸ್ (ಓಡುತ್ತಿರೋ ಪ್ರೋಗ್ರಾಂ) ಇದೆ ಅಂತ ಪಿಎಸ್ ಕೇಳಿದೆ. ಅಂಥ ಕಮಾಂಡೇ ಇಲ್ಲ ಅಂತು. ಸ್ಲಿಮ್ ಇಮೇಜ್, ಅಂದರೆ ಕಂಟೇನರಿನ ಸಣ್ಣ ಅಚ್ಚು, ಜಾಗ ಉಳಿಸೋಕೆ ಅದನ್ನೆಲ್ಲ ಕಿತ್ತಿರುತ್ತಾರೆ. ಆಗ ನೆನಪಾದದ್ದು ಡಾಕರ್ ಕಂಪೋಸ್ ಟಾಪ್. ಅದು ಒಳಗೆ ಹೋಗೋದಿಲ್ಲ, ಹೋಸ್ಟ್, ಅಂದರೆ ಕಂಟೇನರುಗಳನ್ನು ಹೊತ್ತ ಕಂಪ್ಯೂಟರ್, ಆ ಕಡೆಯಿಂದಲೇ ಪ್ರತಿ ಕಂಟೇನರಿನಲ್ಲಿ ಯಾರ್‍ಯಾರು ಇದ್ದಾರೆ ಅಂತ ಪಟ್ಟಿ ಕೊಡುತ್ತದೆ. ಪಿಐಡಿ, ಅಂದರೆ ಪ್ರೋಸೆಸ್ಸಿನ ನಂಬರ್, ಅದು ಕೂಡ ಹೋಸ್ಟಿನದೇ. ಒಳಗೆ 1 ಅನ್ನಿಸಿಕೊಂಡವನು ಇಲ್ಲಿ 41877.

ಡೇಟಾಬೇಸಿನ ಕೆಳಗೆ ಕೂಡುಕುಟುಂಬ: ಚೆಕ್‌ಪಾಯಿಂಟರ್, ವಾಲ್‌ರೈಟರ್, ಆಟೋವ್ಯಾಕ್ಯೂಮ್. ವೆಬ್ಬಿನ ಕೆಳಗೆ ಒಬ್ಬ ಮೇಸ್ತ್ರಿ, ನಾಲ್ಕು ಆಳು. ವರ್ಕರ್ ಕೆಳಗೆ ಎರಡೇ ಸಾಲು. ಒಂದು ಶೆಲ್ ಸ್ಕ್ರಿಪ್ಟ್, ಇನ್ನೊಂದು ಟೇಲ್, ಡೆವ್ ನಲ್ ಅನ್ನೋ ಖಾಲಿ ಫೈಲಿನ ಬಾಲ ಹಿಡಿದುಕೊಂಡು ಕೂತಿದ್ದ. ಮೆಸೇಜ್ ಕಳಿಸಬೇಕಾದ ಪ್ರೋಸೆಸ್ಸೇ ಇಲ್ಲ.

ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಅದರ ಲಾಗ್ ತೆಗೆದರೆ, ಸೋಮವಾರ ಮೆಮೊರಿ ಸಾಲದೆ ಕರ್ನಲ್ಲೇ ಅದನ್ನು ಕೊಂದಿತ್ತು. ವರ್ಕರನ್ನು ಹಿನ್ನೆಲೆಗೆ ತಳ್ಳಿ, ಕಂಟೇನರ್ ಮುಚ್ಚದಿರಲಿ ಅಂತ ಟೇಲ್ ಕೂರಿಸಿದ್ದು ಕೆಲಸ ಬಿಟ್ಟುಹೋದ ಸಹೋದ್ಯೋಗಿ. ಜಾಣ, ಸೋಮಾರಿ. ಒಪ್ಪಿಗೆ ಕೊಟ್ಟವನು ನಾನು. ರೀಸ್ಟಾರ್ಟ್ ಆಲ್ವೇಸ್ ಅಂತ ಬರೆದಿತ್ತು, ಆದರೆ ಅದು ಕಾಯೋದು ಒಳಗಿನ ಒಂದನೇ ಪ್ರೋಸೆಸ್ ಸಾಯೋದನ್ನ. ಒಂದನೆಯವನು, ಆ ಶೆಲ್ ಸ್ಕ್ರಿಪ್ಟ್, ಗಟ್ಟಿಯಾಗಿದ್ದ.

ಕೆಲ್ಸ ನಡೀತೈತಿ ಅಂತಾನೋ?

ನಮ್ಮಪ್ಪ ಬಟ್ಟೆ ಗಿರಣಿಯಲ್ಲಿದ್ದ. ಗಿರಣಿ ಬಾಗಿಲು ಹಾಕಿದ ಮೇಲೂ ಸುಮಾರು ದಿನ ಆರಕ್ಕೇ ಎದ್ದು, ಡಬ್ಬಿ ಕಟ್ಟಿಸಿಕೊಂಡು, ಸೈಕಲ್ ತುಳಿದು ಹೋಗೋನು. ಸಂಜೆ ಹೊತ್ತಿಗೆ ಸರಿಯಾಗಿ ವಾಪಸ್. ಎಲ್ಲಿಗೆ ಹೋಗ್ತಿದ್ದ ಅಂತ ಅಮ್ಮ ಒಂದು ದಿನವೂ ಕೇಳಲಿಲ್ಲ. ಮಂಡಕ್ಕಿ ಪೊಟ್ಟಣ ಮಾತ್ರ ತಪ್ಪದೆ ಬರ್ತಿತ್ತು. ಆ ಚೀಲದ ಮೇಲೆ ಕೂತಾಗ ಅದ್ಯಾಕೆ ನೆನಪಾಯಿತೋ.

ಟೇಲ್ ಕಿತ್ತು, ಎಕ್ಸೆಕ್ ಅನ್ನೋ ಕಮಾಂಡ್ ಹಾಕಿ ವರ್ಕರನ್ನೇ ಒಂದನೆಯವನಾಗಿ ಮಾಡಿದೆ. ಇನ್ನು ಸತ್ತರೆ ಕಂಟೇನರೂ ಸಾಯುತ್ತದೆ, ರೀಸ್ಟಾರ್ಟ್ ಆಗುತ್ತದೆ. ಮತ್ತೆ ಟಾಪ್ ಹೊಡೆದೆ. ಟೇಲ್ ಇದ್ದ ಜಾಗದಲ್ಲಿ ಪೈಥಾನ್, ಅಂದರೆ ನಮ್ಮ ವರ್ಕರ್. "ಈಗ ಒಳಗ್ ಅದಾನ" ಅಂದಳು ಹುಡುಗಿ, ಪರದೆಗೆ ಬೆರಳಿಟ್ಟು.

ಕ್ಯೂನಲ್ಲಿ ಮೂರು ದಿನ ಕೂತಿದ್ದ ಮೆಸೇಜುಗಳೆಲ್ಲ ಒಟ್ಟಿಗೆ ಹೊರಟವು. ಎರಡೇ ನಿಮಿಷಕ್ಕೆ ಮಂಡಿಯ ಫೋನು ಬಡಿದುಕೊಂಡಿತು. ಯಾರೋ ಜಗಳೂರು ಕಡೆ ರೈತರು, ಸೋಮವಾರದ ದರ ಈಗ ತಾನೇ ಮೆಸೇಜ್ ಬಂದಿದೆ, ಅದೇ ದರಕ್ಕೆ ಇವತ್ತಿನ ಲೋಡು ಹಾಕಿಕೊಳ್ಳಿ ಅಂತ ಪಟ್ಟು ಹಿಡಿದಿದ್ದರು.

ಅವಳು ರಿಸೀವರ್ ನನ್ನ ಕೈಗೆ ಕೊಟ್ಟಳು. "ಅಪ್ ಐತಲ್ಲ ಸಾರ್, ನೀವೇ ಮಾತಾಡ್ರಿ."