ಟ್ರ್ಯಾಕ್ಟರ್ ಬೆಲ್ಟಿನ ಸೌದೆ ಗರಗಸ: ಎಲ್ಲ ಇರುವುದು ಪುಲ್ಲಿಯ ಲೆಕ್ಕದಲ್ಲಿ

ಚೈನ್‌ಸಾ ಮನೆಮನೆಗೆ ಬರುವ ಮುಂಚೆ ಅಮೆರಿಕದ ಮತ್ತು ಇಂಗ್ಲೆಂಡಿನ ರೈತರು ಚಳಿಗಾಲದ ಸೌದೆಯನ್ನು ಟ್ರ್ಯಾಕ್ಟರಿನಿಂದಲೇ ಕೊಯ್ದುಕೊಳ್ಳುತ್ತಿದ್ದರು. ಅಮೆರಿಕದಲ್ಲಿ ಇದು ಬಜ್ ಸಾ, ಇಂಗ್ಲೆಂಡಿನಲ್ಲಿ ಸಾ ಬೆಂಚ್. ಯಂತ್ರದಲ್ಲಿ ದೊಡ್ಡ ಗುಟ್ಟೇನಿಲ್ಲ. ಕಬ್ಬಿಣದ ಇಲ್ಲವೇ ಮರದ ಚೌಕಟ್ಟು, ಅದರ ಮೇಲೆ ಎರಡು ಬೇರಿಂಗಿನಲ್ಲಿ ಕೂತ ಶಾಫ್ಟು, ಶಾಫ್ಟಿನ ಒಂದು ತುದಿಗೆ 24ರಿಂದ 30 ಇಂಚಿನ ದುಂಡು ಗರಗಸ, ಮತ್ತೊಂದು ತುದಿಗೆ ಸಾಮಾನ್ಯವಾಗಿ ಒಂದು ಭಾರದ ಗಾಲಿ, ಜೊತೆಗೆ ಚಪ್ಪಟೆ ಬೆಲ್ಟಿನ ಪುಲ್ಲಿ. ಮುಂದುಗಡೆ ವಾಲುವ ಮೇಜು. ಕೊರಡನ್ನು ಮೇಜಿನ ಮೇಲಿಟ್ಟು ಮೇಜನ್ನೇ ಗರಗಸದತ್ತ ತಳ್ಳಬೇಕು. ಕೈಬಿಟ್ಟರೆ ಸ್ಪ್ರಿಂಗೋ ತೂಕದ ಕಲ್ಲೋ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಇದನ್ನು ವಿಡಿಯೊದಲ್ಲಿ ನೋಡಿ, ಒಂದು ಬ್ಲೇಡು ತಂದು ಪಿಟಿಒಗೆ (ಬೇರೆ ಯಂತ್ರ ಓಡಿಸಲು ಟ್ರ್ಯಾಕ್ಟರಿನ ಹಿಂದೆ ತಿರುಗುವ ಶಾಫ್ಟಿಗೆ) ಸಿಕ್ಕಿಸಿದರಾಯಿತು ಎಂದುಕೊಳ್ಳುವವರಿದ್ದಾರೆ. ಅಲ್ಲೇ ಕೆಡುವುದು.

ಮೊದಲು ವೇಗ. ಸೌದೆ ಕೊಯ್ಯುವ ಉಕ್ಕಿನ ದುಂಡು ಗರಗಸದ ಹಲ್ಲು ನಿಮಿಷಕ್ಕೆ ಸುಮಾರು 9,000ದಿಂದ 10,000 ಅಡಿ ಓಡಬೇಕು. 30 ಇಂಚಿನ ಬ್ಲೇಡಿನ ಸುತ್ತಳತೆ 7.85 ಅಡಿ, ಅಂದರೆ ನಿಮಿಷಕ್ಕೆ 1,200 ಸುತ್ತು ಸಾಕು. 24 ಇಂಚಿನದಾದರೆ 1,500. ಇನ್ನು ಟ್ರ್ಯಾಕ್ಟರಿನ ಕಡೆಯ ಲೆಕ್ಕ: ಟ್ರ್ಯಾಕ್ಟರ್ ಪುಲ್ಲಿಯ ವ್ಯಾಸವನ್ನು ಅದರ ಸುತ್ತಿನಿಂದ ಗುಣಿಸಿ, ಗರಗಸದ ಪುಲ್ಲಿಯ ವ್ಯಾಸದಿಂದ ಭಾಗಿಸಿ. 12 ಇಂಚಿನ ಪುಲ್ಲಿ 1,000 ಸುತ್ತು ತಿರುಗುತ್ತಿದ್ದರೆ, ಗರಗಸದ ಶಾಫ್ಟಿನಲ್ಲಿ 10 ಇಂಚಿನ ಪುಲ್ಲಿ ಇದ್ದಾಗ ಸರಿಯಾಗಿ 1,200 ಬರುತ್ತದೆ. ಅದೇ ಜಾಗದಲ್ಲಿ ಎಲ್ಲೋ ಸಿಕ್ಕಿದ 6 ಇಂಚಿನ ಪುಲ್ಲಿ ಹಾಕಿದರೆ 2,000 ಸುತ್ತು. ವೇಗ ಹೆಚ್ಚಿದ್ದು ಒಂದೂಮುಕ್ಕಾಲು ಪಟ್ಟಿಗಿಂತ ಕಡಿಮೆ, ಆದರೆ ಬ್ಲೇಡನ್ನು ಹರಿಯಲು ನೋಡುವ ಬಲ ವೇಗದ ವರ್ಗದಂತೆ ಏರುವುದರಿಂದ ಅದು ಸುಮಾರು ಎರಡೂಮುಕ್ಕಾಲು ಪಟ್ಟಾಗುತ್ತದೆ. ಹಲ್ಲಿನ ಬುಡದಲ್ಲಿ ಕಣ್ಣಿಗೆ ಕಾಣದ ಬಿರುಕೊಂದಿದ್ದರೆ ಮುಂದಿನದನ್ನು ಹೇಳಬೇಕಿಲ್ಲ. ಆಕ್ಸಿಲರೇಟರ್ ಇಳಿಸಿ ಓಡಿಸುತ್ತೇನೆ ಎಂಬುದು ಉತ್ತರವಲ್ಲ. ಕೊರಡು ಗಟ್ಟಿ ಎಂದು ಯಾರಾದರೂ ಒಮ್ಮೆ ಏರಿಸಿಯೇ ಏರಿಸುತ್ತಾರೆ.

ಪಿಟಿಒದ ತೊಂದರೆ ಇದಕ್ಕೆ ತಿರುಗುಮುರುಗು. ನಿಮಿಷಕ್ಕೆ 540 ಸುತ್ತು ತಿರುಗುವ ಪಿಟಿಒಗೆ ನೇರವಾಗಿ ಸಿಕ್ಕಿಸಿದ 30 ಇಂಚಿನ ಬ್ಲೇಡಿನ ಹಲ್ಲು ನಿಮಿಷಕ್ಕೆ 4,200 ಅಡಿಯ ಆಸುಪಾಸಿನಲ್ಲಿರುತ್ತದೆ. ಕೊಯ್ಯುವ ಬದಲು ಕಚ್ಚಿ ಎಳೆಯುತ್ತದೆ. ಆದ್ದರಿಂದ ನಡುವೆ ಇನ್ನೊಂದು ಜೋಡಿ ಪುಲ್ಲಿ ಬೇಕು: ಪಿಟಿಒ ಕಡೆ 13 ಇಂಚು, ಗರಗಸದ ಕಡೆ 6 ಇಂಚು ಇಟ್ಟರೆ 1,170 ಸುತ್ತು ಸಿಗುತ್ತದೆ. ಹೀಗೆ ಬೆಲ್ಟು ಇಡುವುದರಲ್ಲಿ ಇನ್ನೊಂದು ಲಾಭವಿದೆ. ಬ್ಲೇಡು ಸಿಕ್ಕಿಹಾಕಿಕೊಂಡಾಗ ಬೆಲ್ಟು ಜಾರುತ್ತದೆ, ಇಲ್ಲವೇ ಕಳಚಿ ಬೀಳುತ್ತದೆ. ಗಟ್ಟಿ ಜೋಡಣೆಯ ಪಿಟಿಒ ಶಾಫ್ಟು ಜಾರುವುದಿಲ್ಲ. ಟ್ರ್ಯಾಕ್ಟರಿನ ಇಡೀ ಬಲ ಬ್ಲೇಡಿನ ಮೇಲೆ ಬೀಳುತ್ತದೆ. ಹಳಬರು ಚಪ್ಪಟೆ ಬೆಲ್ಟನ್ನೇ ನೆಚ್ಚಿಕೊಂಡದ್ದರಿಂದ ಈ ಕಾವಲು ಕೇಳದೆಯೇ ಸಿಕ್ಕಿತ್ತು.

ಬೆಲ್ಟಿನ ಪುಲ್ಲಿ ಎಲ್ಲ ಟ್ರ್ಯಾಕ್ಟರಿನಲ್ಲೂ ಒಂದೇ ಕಡೆ ಇರುವುದಿಲ್ಲ. ಎರಡು ಸಿಲಿಂಡರಿನ ಹಳೆಯ ಜಾನ್ ಡೀರ್‌ನಲ್ಲಿ ಅದು ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲೇ ಇದೆ. ಮಾಡೆಲ್ ಎ ಎಂಜಿನ್ನಿನ ನಿಗದಿತ ವೇಗ 975 ಸುತ್ತು, ಪುಲ್ಲಿಯದೂ ಅಷ್ಟೇ. ಫಾರ್ಮಾಲ್ ಎಂಬ ಅಮೆರಿಕದ ಟ್ರ್ಯಾಕ್ಟರಿನಲ್ಲಿ ಪುಲ್ಲಿ ಪಕ್ಕದಲ್ಲಿರುತ್ತದೆ. ಗರಗಸವನ್ನು ಟ್ರ್ಯಾಕ್ಟರಿನ ಮೂತಿಗೇ ಬಿಗಿದು ರಾಶಿಯಿಂದ ರಾಶಿಗೆ ಹೋಗುವ ಏರ್ಪಾಡೂ ಇತ್ತು. 1946ರಿಂದ 1956ರವರೆಗೆ ಕವೆಂಟ್ರಿಯಲ್ಲಿ ತಯಾರಾದ ಫರ್ಗುಸನ್ ಟಿಇ20ಗೆ ಪುಲ್ಲಿಯನ್ನು ಹಿಂದೆ ಪಿಟಿಒಗೆ ಬೇರೆಯಾಗಿ ಜೋಡಿಸಬೇಕು. ಅದರ ಪಿಟಿಒ ಶಾಫ್ಟು 1⅛ ಇಂಚಿನದು. ಇಂದಿನ ಸಾಮಾನ್ಯ ಅಳತೆ 1⅜ ಇಂಚು, ನಮ್ಮ ಕಡೆಯ ಟ್ರ್ಯಾಕ್ಟರುಗಳಲ್ಲೂ ಅದೇ. ಎರಡು ಅಳತೆಗಳನ್ನು ಹೊಂದಿಸಲು ನಡುವೆ ಹಾಕುವ ತೋಳು ಸಡಿಲವಿದ್ದರೆ ಸ್ಪ್ಲೈನು, ಅಂದರೆ ಶಾಫ್ಟಿನ ಮೈಮೇಲಿನ ಉದ್ದುದ್ದ ಹಲ್ಲು, ಬೇಗ ತಿಂದುಹೋಗುತ್ತದೆ.

ಚಪ್ಪಟೆ ಬೆಲ್ಟು ಕೂರಿಸುವ ಕೆಲಸ ನಮ್ಮ ಹಳೆಯ ಅಕ್ಕಿ ಗಿರಣಿಯವರಿಗೆ ಹೇಳಿಕೊಡಬೇಕಾಗಿಲ್ಲ. ಎರಡು ಪುಲ್ಲಿಗಳೂ ಒಂದೇ ಗೆರೆಯಲ್ಲಿರಬೇಕು. ದಾರ ಹಿಡಿದು ನೋಡಿ. ಪುಲ್ಲಿಯ ನಡು ತುಸು ಉಬ್ಬಿರುವುದರಿಂದ ಸಣ್ಣ ಓರೆಯನ್ನು ಬೆಲ್ಟು ತಾನೇ ಸರಿಪಡಿಸಿಕೊಳ್ಳುತ್ತದೆ, ದೊಡ್ಡದನ್ನಲ್ಲ. ಮೊದಲು ಗರಗಸದ ಚೌಕಟ್ಟನ್ನು ಗೂಟ ಹೊಡೆದು ನಿಲ್ಲಿಸಿ, ಬೆಲ್ಟು ಹಾಕಿ, ಟ್ರ್ಯಾಕ್ಟರನ್ನು ಹಿಂದಕ್ಕೆ ಸರಿಸುತ್ತಾ ಬಿಗಿ ಮಾಡಿ. ಬ್ರೇಕು ಹಾಕಿ ಗಾಲಿಗೆ ಅಡ್ಡ ಕೊಡಿ. ಬೆಲ್ಟನ್ನು ಒಮ್ಮೆ ತಿರುಚಿ ಅಡ್ಡ ಹಾಕಿದರೆ ಪುಲ್ಲಿಯನ್ನು ಹೆಚ್ಚು ತಬ್ಬುತ್ತದೆ, ಬಡಿದಾಟ ಕಡಿಮೆಯಾಗುತ್ತದೆ. ಆದರೆ ತಿರುಗುವ ದಿಕ್ಕು ಬದಲಾಗುತ್ತದೆ ಎಂಬುದು ನೆನಪಿರಲಿ. ನಿಮ್ಮ ಎದುರಿಗಿರುವ ಬ್ಲೇಡಿನ ಅಂಚು ಕೆಳಮುಖವಾಗಿ ಓಡಬೇಕು, ಕೊರಡನ್ನು ಮೇಜಿಗೆ ಒತ್ತಬೇಕು. ಉಲ್ಟಾ ತಿರುಗಿದರೆ ಕೊರಡು ಮೇಲಕ್ಕೆ ಚಿಮ್ಮುತ್ತದೆ. ಸರಿಯಾದ ದಿಕ್ಕಿನಲ್ಲಿ ತಾನೇ ಬಿಗಿಯಾಗುವಂತೆ ತಿರುಪು ಕೊಯ್ದ ಬ್ಲೇಡಿನ ನಟ್ಟು ಕೂಡ ಸಡಿಲವಾಗತೊಡಗುತ್ತದೆ.

ಗರಗಸದ ಹಲ್ಲು ಹರಿತ ಮಾಡುವುದರಲ್ಲಿ ಅವಸರ ಬೇಡ. ಅಡ್ಡ ಕೊಯ್ಲಿನ ಬ್ಲೇಡಿನಲ್ಲಿ ಒಂದು ಹಲ್ಲು ಬಲಕ್ಕೆ, ಮುಂದಿನದು ಎಡಕ್ಕೆ ಬಾಗಿರುತ್ತದೆ. ಒಂದು ಬದಿಯಿಂದ ಹಲ್ಲು ಬಿಟ್ಟು ಹಲ್ಲು ಅರ ಹಾಕಿ, ಮತ್ತೆ ಇನ್ನೊಂದು ಬದಿಗೆ ಬನ್ನಿ. ಬಾಗಿಸುವಾಗ ಹಲ್ಲಿನ ಮೇಲಿನ ಮೂರನೇ ಒಂದು ಭಾಗವನ್ನು ಮಾತ್ರ ಬಾಗಿಸಬೇಕು. ಒಣಗಿದ ಗಟ್ಟಿ ಮರಕ್ಕೆ ಪ್ರತಿ ಬದಿಗೆ ಸುಮಾರು ಅರ್ಧ ಮಿಲಿಮೀಟರ್ ಸಾಕು, ಹಸಿ ಮರಕ್ಕೆ ತುಸು ಹೆಚ್ಚು. ಒಂದು ಬದಿ ಹೆಚ್ಚಾದರೆ ಕೊಯ್ಲು ಆ ಕಡೆಗೆ ವಾಲುತ್ತದೆ, ಬ್ಲೇಡಿನ ಮೈ ಮರಕ್ಕೆ ಉಜ್ಜಿ ಕಾಯುತ್ತದೆ. ಅಂಚು ಕಾದು ಹಿಗ್ಗಿದ ಬ್ಲೇಡು ಅಲೆಅಲೆಯಾಗಿ ತೂಗಾಡುತ್ತದೆ. ಮೈಮೇಲೆ ನೀಲಿ ಕಲೆ ಕಂಡರೆ ಅದನ್ನು ಬಡಿದು ಸರಿಮಾಡಲು ಬಲ್ಲವರ ಹತ್ತಿರವೇ ಒಯ್ಯಬೇಕು. ಹಲ್ಲುಗಳ ನಡುವಿನ ತೋಡಿನ ತಳ ದುಂಡಗಿರಲಿ. ಚೂಪು ಮೂಲೆ ಬಿಟ್ಟರೆ ಬಿರುಕು ಹುಟ್ಟುವುದು ಅಲ್ಲಿಂದಲೇ. ಹೊಟ್ಟು ನೋಡಿಯೇ ಹರಿತ ತಿಳಿಯುತ್ತದೆ: ತರಿತರಿಯಾಗಿ ಬಂದರೆ ಸರಿ, ಹಿಟ್ಟಿನಂತೆ ನುಣ್ಣಗೆ ಬಂದರೆ ಅರ ಹಿಡಿಯುವ ಹೊತ್ತು.

ಬೇರಿಂಗು ಹಳೆಯ ಯಂತ್ರದಲ್ಲಿ ಬ್ಯಾಬಿಟ್ ಎಂಬ ಮೆತ್ತನೆಯ ಮಿಶ್ರಲೋಹದ್ದು, ಎಣ್ಣೆ ಬಟ್ಟಲಿನದು. ಕೈ ತಾಗಿಸಲಾರದಷ್ಟು ಬಿಸಿಯಾದರೆ ನಿಲ್ಲಿಸಿ. ಶಾಫ್ಟು ಉದ್ದಕ್ಕೆ ಅತ್ತಿತ್ತ ಸರಿದಾಡುತ್ತಿದ್ದರೂ ಬ್ಲೇಡು ಉಜ್ಜಿ ಕಾಯುವುದೇ.

ಕೊಯ್ಯುವಾಗ: 30 ಇಂಚಿನ ಬ್ಲೇಡಿನಲ್ಲಿ ನಡುವಿನ ವಾಷರು ಕಳೆದು ಹತ್ತು ಇಂಚು ದಪ್ಪದ ಕೊರಡು ಸಲೀಸು. ಅದಕ್ಕಿಂತ ದಪ್ಪಗಿನದನ್ನು ಹೊರಳಿಸಿ ಕೊಯ್ಯುವ ಸಾಹಸಕ್ಕಿಂತ ಚೈನ್‌ಸಾ ವಾಸಿ. ಮೂರರಿಂದ ಎಂಟು ಇಂಚಿನ ಕೊಂಬೆಗಳ ರಾಶಿಯಿದ್ದರೆ ಮಾತ್ರ ಈ ಯಂತ್ರವನ್ನು ಚೈನ್‌ಸಾ ಇವತ್ತಿಗೂ ಹಿಂದೆ ಹಾಕುವುದಿಲ್ಲ. ಸೊಟ್ಟ ಕೊಂಬೆಯಾದರೆ ಬ್ಲೇಡಿನ ಪಕ್ಕದಲ್ಲೇ ಅದು ಮೇಜಿನ ಬೆನ್ನಿಗೆ ಒರಗುವಂತೆ ತಿರುಗಿಸಿ ಇಡಿ. ನಡುವೆ ಸಂದಿದ್ದರೆ ಹಲ್ಲು ತಾಗಿದೊಡನೆ ಕೊರಡು ಹೊರಳಿ ಬ್ಲೇಡನ್ನು ಕಚ್ಚುತ್ತದೆ. ಕತ್ತರಿಸಿದ ತುಂಡು ಬ್ಲೇಡಿನಾಚೆ ಯಾವ ಆಸರೆಯೂ ಇಲ್ಲದೆ ಬೀಳಬೇಕು. ಉದ್ದ ಕೊರಡಿನ ಬಾಲವನ್ನು ಇನ್ನೊಬ್ಬರು ಹಿಡಿಯಬೇಕು. ತುಂಡು ಎತ್ತಿಕೊಳ್ಳುವವರೇ ಬ್ಲೇಡಿಗೆ ಹೆಚ್ಚು ಹತ್ತಿರ ಇರುವುದರಿಂದ ಆ ಜಾಗಕ್ಕೆ ಹುಡುಗರನ್ನು ನಿಲ್ಲಿಸಬೇಡಿ. ಬ್ಲೇಡಿನ ನೇರಕ್ಕೆ ಯಾರೂ ನಿಲ್ಲಬಾರದು. ಸಡಿಲ ಲುಂಗಿ, ಟವೆಲು, ಸೆರಗು ಬೇಡ. ಕ್ಲಚ್ಚು ಬಿಡಿಸಿದ ಮೇಲೂ ಭಾರದ ಗಾಲಿಯಿಂದಾಗಿ ಬ್ಲೇಡು ಬಹಳ ಹೊತ್ತು ತಿರುಗುತ್ತದೆ. ಪಕ್ಕಕ್ಕೆ ಕಟ್ಟಿಗೆ ಒತ್ತಿ ನಿಲ್ಲಿಸಲು ಹೋಗಬೇಡಿ.

ಹಳೆಯ ಬ್ಲೇಡು ಕೊಳ್ಳುವುದಾದರೆ ನಡುವಿನ ತೂತಿಗೆ ಕಂಬಿ ತೂರಿಸಿ ನೇತುಹಾಕಿ, ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ಉದ್ದಕ್ಕೆ ನುಡಿಯಬೇಕು. ಮೊಂಡು ಸದ್ದು ಬಂದರೆ ಎಲ್ಲೋ ಬಿರುಕಿದೆ. ನುಡಿದರೂ ತೋಡುಗಳನ್ನು ಒಂದೊಂದಾಗಿ ಒರೆಸಿ ನೋಡಿ. ತೂತಿನ ಅಳತೆ ನಿಮ್ಮ ಶಾಫ್ಟಿಗೆ ಸರಿಯಾಗಿ ಕೂರದಿದ್ದರೆ, ತಗಡು ಸುತ್ತಿ ತುಂಬುವ ಯೋಚನೆ ಬಿಟ್ಟು ಬೇರೆ ಬ್ಲೇಡು ಹುಡುಕಿ.