ಐನ್‌ಮನೆ ಜೋಡುನಳಿಗೆ ಕೋವಿ: ಮಳೆಗಾಲದಿಂದ ಕೈಲ್ ಪೊಳ್ದ್ ತನಕ ಆಗಿರೋ ಕೆಲಸ

ಈ ವರ್ಷದ ಪ್ರಾಜೆಕ್ಟ್ ಒಂದೇ. ನಮ್ಮ ಐನ್‌ಮನೆಲಿರೋ, ಅಂದ್ರೆ ಕುಟುಂಬದ ಮೂಲ ಮನೆಲಿರೋ 12 ಬೋರ್ ಜೋಡುನಳಿಗೆ ಕೋವಿ ಯಾವ ಕಾಲದ್ದು, ಯಾವ ತೋಟೆಗೆ (ಕಾರ್ಟ್ರಿಜ್‌ಗೆ) ಅಂತ ಮಾಡಿದ್ದು, ಈಗ ಅದನ್ನ ಧೈರ್ಯವಾಗಿ ಹೊಡೀಬೋದಾ ಇಲ್ವಾ, ಇಷ್ಟನ್ನೂ ಸರಿಯಾಗಿ ತಿಳ್ಕೊಂಡು ಒಂದು ಪುಸ್ತಕದಲ್ಲಿ ಬರೆದಿಡೋದು, ಜೊತೆಗೆ ಅದನ್ನ ಕ್ಲೀನ್ ಮಾಡಿ ಸೆಪ್ಟೆಂಬರ್ 3ರ ಕೈಲ್ ಪೊಳ್ದ್‌ಗೆ, ಅಂದ್ರೆ ಕೊಡವರ ಆಯುಧ ಪೂಜೆ ಹಬ್ಬಕ್ಕೆ ರೆಡಿ ಮಾಡೋದು. ಕೊಡಗಿನಲ್ಲಿ ನಮ್ಮಂಥ ಜಮ್ಮಾ ಹಿಡುವಳಿ (ವಂಶಪಾರಂಪರ್ಯವಾಗಿ ಬಂದ ಜಮೀನು) ಮನೆಗಳಲ್ಲಿ ಕೋವಿ ಇರೋದು ಹೊಸದೇನಲ್ಲ, 1861ರಲ್ಲೇ ಬ್ರಿಟಿಷರು ಕೊಡವರಿಗೆ ಕೋವಿ ವಿಷಯದಲ್ಲಿ ವಿನಾಯಿತಿ ಕೊಟ್ಟಿದ್ರು, ಈಗ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೇ ಕೋವಿ ಇಟ್ಕೊಳ್ಳೋಕೆ ಇರೋ ವಿನಾಯಿತಿನ ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸ್ತು, 2021ರಲ್ಲಿ ಹೈಕೋರ್ಟೂ ಎತ್ತಿ ಹಿಡೀತು. ಇದೆಲ್ಲ ನಮ್ಮ ಕಡೆ ಎಲ್ರಿಗೂ ಬಾಯಿಪಾಠ. ಆದ್ರೆ ಅವರ ಮನೆ ಕೋವಿ ನಳಿಗೆ ಅಡೀಲಿ ಏನು ಮುದ್ರೆ ಇದೆ ಅಂತ ಕೇಳಿದ್ರೆ ಹೇಳೋರು ಕಮ್ಮಿ. ಹಕ್ಕು ಇದೆ ಅಂದ್ಮೇಲೆ ಕೈಲಿರೋದು ಏನು ಅಂತ ಗೊತ್ತಿರಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಅದಕ್ಕೇ ಇದನ್ನ ಶುರು ಮಾಡಿದ್ದು.

ಜೂನ್ ಕೊನೆ

ದೊಡ್ಡಪ್ಪ ಬೀರುವಿನ ಬೀಗದಕೈ ಕೊಟ್ರು, ಕೊಡುವಾಗ ಯಾವಾಗ್ಲೂ ಹೇಳೋ ಮಾತು ಹೇಳಿದ್ರು, "ಮೊದ್ಲು ಮುರಿದು ನೋಡು ಮಗ, ಆಮೇಲೆ ಮಾತಾಡು". ಮುರಿದು ಅಂದ್ರೆ ಲಿವರ್ ತಳ್ಳಿ ನಳಿಗೆ ಬಗ್ಗಿಸಿ ಒಳಗೆ ತೋಟೆ ಇಲ್ಲ ಅಂತ ಕಣ್ಣಾರೆ ನೋಡೋದು. ಬೀರುವಿಂದ ತೆಗೆದ್ರೂ ಸರಿ, ಇನ್ನೊಬ್ಬರ ಕೈಯಿಂದ ಇಸ್ಕೊಂಡ್ರೂ ಸರಿ, ಅವರು ಈಗಷ್ಟೇ ನೋಡಿದ್ದು ನಮ್ಮ ಕಣ್ಮುಂದೇನೇ ಆದ್ರೂ ಸರಿ, ನಾವು ಇನ್ನೊಂದ್ಸಲ ನೋಡ್ಬೇಕು. ನಮ್ಮನೇಲಿ ತೋಟೆ ಬೇರೆ ಪೆಟ್ಟಿಗೆ, ಅದರ ಬೀಗದಕೈ ಬೇರೆಯವರ ಹತ್ರ.

ಮುಂದಿನ ಹಿಡಿ ತೆಗೆದು ನಳಿಗೆ ಬಿಡಿಸಿದ್ರೆ ಅಡಿಭಾಗ ಚಪ್ಪಟೆಯಾಗಿರುತ್ತೆ, ಮುದ್ರೆ ಎಲ್ಲಾ ಇರೋದು ಅಲ್ಲೇ. ಹಳೇ ಎಣ್ಣೆ ಗಟ್ಟಿಯಾಗಿ ಕೂತಿತ್ತು, ಸೀಮೆಎಣ್ಣೇಲಿ ಅದ್ದಿದ ಬಟ್ಟೇಲಿ ಒರೆಸಿ, ಟಾರ್ಚ್ ಓರೆಯಾಗಿ ಹಿಡಿದು ಮೊಬೈಲಲ್ಲಿ ಫೋಟೋ ತೆಗೆದೆ. ನೇರವಾಗಿ ಬೆಳಕು ಬಿಟ್ರೆ ಏನೂ ಕಾಣಲ್ಲ, ಪಕ್ಕದಿಂದ ಬಿಟ್ರೆ ಸವೆದಿರೋ ಅಕ್ಷರನೂ ಎದ್ದು ಕಾಣುತ್ತೆ. ಮೇಲೆ ಬರೆದಿದ್ದ ಕಂಪನಿ ಹೆಸರು ಪೂರ್ತಿ ಸವೆದುಹೋಗಿದೆ, ಆದ್ರೆ ಅಡೀಲಿ ಕಿರೀಟದ ಕೆಳಗೆ ಬಿಪಿ, ಇನ್ನೊಂದು ಕಿರೀಟದ ಕೆಳಗೆ ಬಿವಿ, ಮತ್ತೊಂದರ ಕೆಳಗೆ ಎನ್‌ಪಿ, ಮೂರೂ ಸ್ಪಷ್ಟವಾಗಿ ಸಿಕ್ತು. ಅಲ್ಲಿಗೆ ಇದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್, ಅಂದ್ರೆ ಕೋವಿ ಪರೀಕ್ಷೆ ಮಾಡೋ ಸಂಸ್ಥೆಯ ಮುದ್ರೆ ಅಂತ ಖಚಿತ ಆಯ್ತು. ಆ ಪ್ರೂಫ್ ಹೌಸ್ 1813ರಲ್ಲಿ ಶುರುವಾಗಿದ್ದು, ಮಾಮೂಲಿ ತೋಟೆಗಿಂತ ಜಾಸ್ತಿ ಪ್ರೆಶರಿನ ತೋಟೆ ಹಾಕಿ ಹೊಡೆದು ನೋಡಿ, ನಳಿಗೆ ತಡ್ಕೊಂಡ್ರೆ ಮಾತ್ರ ಮುದ್ರೆ ಹೊಡೀತಿದ್ರು. ನಮ್ಮ ಮನೇಲಿ ಇಷ್ಟು ವರ್ಷ ಇದನ್ನ ಬೆಲ್ಜಿಯಂ ಕೋವಿ ಅಂತಾನೇ ಹೇಳ್ಕೊಂಡು ಬಂದಿದ್ರು. ಬೆಲ್ಜಿಯಂದಾದ್ರೆ ಲಿಯೇಜ್ ಊರಿನ ಮುದ್ರೆ, ಅಂದ್ರೆ ಮೊಟ್ಟೆ ಆಕಾರದೊಳಗೆ ಇಎಲ್‌ಜಿ ಅಂತ ಇರ್ಬೇಕಿತ್ತು. ದೊಡ್ಡಪ್ಪಂಗೆ ಫೋಟೋ ತೋರಿಸಿದೆ, ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದ್ರು.

ಜುಲೈ

ಹೊರಗೆ ಬಿಡದೇ ಮಳೆ, ಕರೆಂಟ್ ಇಲ್ಲ, ಮುದ್ರೆ ಓದೋಕೆ ಒಳ್ಳೇ ಟೈಮು. ಒಂದು ನಳಿಗೆ ಮೇಲೆ 13/1 ಅಂತ ಇತ್ತು. ಇದನ್ನ ನೋಡಿ 13 ಬೋರ್ ಕೋವಿ ಅಂದ್ಕೊಳ್ಳೋರು ಇದಾರೆ, ಹಾಗಲ್ಲ. 12 ಬೋರ್ ಅಂದ್ರೆ ಒಂದು ಪೌಂಡ್ ಸೀಸದಲ್ಲಿ ಒಂದೇ ಅಳತೆಯ ಹನ್ನೆರಡು ಗುಂಡು ಮಾಡಿದ್ರೆ ಅದರಲ್ಲಿ ಒಂದು ಗುಂಡಿನ ಅಗಲ, ಅಂದ್ರೆ 0.729 ಇಂಚು. ಆಗಿನ ಬರ್ಮಿಂಗ್‌ಹ್ಯಾಮ್ ಲೆಕ್ಕದಲ್ಲಿ 12 ಅಂದ್ರೆ 0.729, 13/1 ಅಂದ್ರೆ 0.719, ಬರೀ 13 ಅಂದ್ರೆ 0.710. ಎಲ್ಲದಕ್ಕೂ ಹಾಕೋದು ಅದೇ 12 ಬೋರ್ ತೋಟೆನೇ, ಒಳಗಿನ ಕೊರೆತ ಸ್ವಲ್ಪ ಬಿಗಿ ಅಷ್ಟೇ. ಈ ನಂಬರ್ ಇರೋದ್ರಿಂದ ಒಂದು ದೊಡ್ಡ ಉಪಯೋಗ ಏನಂದ್ರೆ, ಕೋವಿ ಹುಟ್ಟಿದಾಗ ನಳಿಗೆ ಒಳಗೆ ಎಷ್ಟಿತ್ತು ಅಂತ ಗೊತ್ತಾಗುತ್ತೆ, ಈಗ ಗೇಜ್ ಹಾಕಿ ಅಳೆದ್ರೆ ನೂರು ವರ್ಷದಲ್ಲಿ ಎಷ್ಟು ಸವೆದಿದೆ ಅಂತ ಲೆಕ್ಕ ಸಿಗುತ್ತೆ.

ಕತ್ತರಿ ಹಾಕಿದ ರಾಜದಂಡದ ಗುರುತೂ ಸಿಕ್ತು, ಅದರ ಪಕ್ಕ ಎಚ್ ಅಕ್ಷರ. ಬರ್ಮಿಂಗ್‌ಹ್ಯಾಮ್‌ನವರು 1921ರಿಂದ ವರ್ಷಕ್ಕೊಂದು ಅಕ್ಷರ ಹಾಕ್ತಿದ್ರು, ಆ ಲೆಕ್ಕದಲ್ಲಿ ಎಚ್ ಅಂದ್ರೆ 1928–29. ಅಜ್ಜ ಆಗಿನ್ನೂ ಚಿಕ್ಕ ಹುಡುಗ, ಹಾಗಾದ್ರೆ ಈ ಕೋವಿ ತಂದಿದ್ದು ಮುತ್ತಜ್ಜನೇ ಇರ್ಬೇಕು, ಇಲ್ಲಾ ಆಮೇಲೆ ಯಾರಿಂದಲೋ ಸೆಕೆಂಡ್ ಹ್ಯಾಂಡ್ ಬಂದಿರ್ಬೇಕು. ಹಳೇ ಕಾಗದದ ಟ್ರಂಕ್ ಹುಡುಕೋದು ಬಾಕಿ ಇದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೆರಡು ಮುದ್ರೆ. ಒಂದು ನೈಟ್ರೋ ಪ್ರೂಫ್ 1⅛ ಔನ್ಸ್, ಅಂದ್ರೆ ಹೊಗೆ ಇಲ್ಲದ ಮದ್ದಿಗೆ ಪರೀಕ್ಷೆ ಆಗಿದೆ, ಚರೆ (ತೋಟೆ ಒಳಗಿನ ಸಣ್ಣ ಗುಂಡುಗಳು) ತೂಕ ಸುಮಾರು 32 ಗ್ರಾಂ ತನಕ. ಇನ್ನೊಂದು 2½, ಇದು ತೋಟೆ ಕೂರೋ ಮನೆಯ ಉದ್ದ, 65 ಮಿಲಿಮೀಟರ್. ಇದನ್ನ ದಯವಿಟ್ಟು ಎಲ್ರೂ ಗಮನ ಇಟ್ಟು ಓದಿ. ಈಗ ಅಂಗಡೀಲಿ 70 ಮಿಲಿಮೀಟರ್ ತೋಟೆನೂ ಸಿಗುತ್ತೆ, ಅದನ್ನ 65ರ ಕೋವಿಗೆ ಹಾಕಿದ್ರೆ ಸಲೀಸಾಗಿ ಒಳಗೆ ಹೋಗುತ್ತೆ, ಕೋವಿನೂ ಮುಚ್ಕೊಳ್ಳುತ್ತೆ, ಯಾಕಂದ್ರೆ ಬಾಕ್ಸ್ ಮೇಲೆ ಬರೆಯೋ ಉದ್ದ ಹೊಡೆದಾದ್ಮೇಲೆ ಬಾಯಿ ಬಿಚ್ಕೊಂಡಿರೋ ತೋಟೆದು. ಹೊಡೆದಾಗ ಆ ಬಾಯಿ ಬಿಚ್ಚೋಕೆ ಜಾಗ ಸಾಲ್ದೆ ನಳಿಗೆ ಕಿರಿದಾಗೋ ಕಡೆ ಹೋಗಿ ಸಿಕ್ಕಿಕೊಳ್ಳುತ್ತೆ, ಪ್ರೆಶರ್ ಏರುತ್ತೆ. ಕೂತ್ಕೊಳ್ತು ಅಂದ ಮಾತ್ರಕ್ಕೆ ಸರಿ ಅಂತಲ್ಲ. ಬಾಕ್ಸ್ ಮೇಲಿನ ಉದ್ದ, ಕೋವಿ ಮೇಲಿನ ಉದ್ದ, ಎರಡೂ ಓದಿ ನೋಡ್ಬೇಕು. ನಮ್ಮ ತೋಟೆ ಪೆಟ್ಟಿಗೆ ಮುಚ್ಚಳದ ಒಳಗೆ ಕೆಂಪು ಪೆನ್ನಲ್ಲಿ "65 ಮಾತ್ರ" ಅಂತ ಬರೆದು ಅಂಟಿಸಿದೀನಿ.

ಆಗಸ್ಟ್ ಮೊದಲ ವಾರ

ಮಳೆ ಸ್ವಲ್ಪ ಬಿಟ್ಟಾಗ ಲೈಸೆನ್ಸ್ ಇರೋ ರಿಪೇರಿಯವರ ಹತ್ರ ಕೊಂಡೋದೆ. ಕೋವಿಯ ಬೀಗದ ಭಾಗ (ಟ್ರಿಗರ್ ಒತ್ತಿದಾಗ ತೋಟೆ ಸಿಡಿಸೋ ಯಂತ್ರ), ಒಳಗಿನ ಸ್ಪ್ರಿಂಗು ಇವನ್ನೆಲ್ಲ ಮನೇಲಿ ಬಿಚ್ಚೋದು ಬೇಡ ಅನ್ನೋದು ಮೊದಲಿಂದ್ಲೂ ನನ್ನ ನಿಲುವು, ಹಳೇ ಸ್ಕ್ರೂಗಳ ತಲೆ ಮೇಲಿನ ಸೀಳು ತುಂಬಾ ಸಣ್ಣದು, ಮಾಮೂಲಿ ಸ್ಕ್ರೂಡ್ರೈವರ್ ಹಾಕಿದ್ರೆ ತಲೆ ಕಿತ್ತು ಹೋಗುತ್ತೆ. ಅವರು ಗೇಜ್ ಇಳಿಸಿ ಅಳೆದ್ರು, 13/1 ನಳಿಗೆ ಈಗ 0.724 ಇದೆ, ನೂರು ವರ್ಷಕ್ಕೆ ಐದು ಥೌ (ಇಂಚಿನ ಸಾವಿರದಲ್ಲಿ ಐದು ಪಾಲು) ಸವೆತ, ಒಳ್ಳೇ ಸ್ಥಿತಿ ಅಂದ್ರು. ನಳಿಗೆಗೂ ಹಿಂದಿನ ಭಾಗಕ್ಕೂ ಮಧ್ಯೆ ತೆಳು ಕಾಗದ ಇಟ್ಟು ಮುಚ್ಚಿ ಎಳೆದು ನೋಡಿದ್ರು, ಬಿಗಿಯಾಗೇ ಹಿಡ್ಕೊಂಡಿತ್ತು, ಬೆಳಕಿಗೆ ಹಿಡಿದ್ರೂ ಸಂದು ಕಾಣ್ಲಿಲ್ಲ. ನಳಿಗೆ ಹೊರಗಡೆ ಬೆರಳ ತುದೀಲಿ ಸವರಿ ತಗ್ಗು ಇದ್ಯಾ ನೋಡಿದ್ರು, ನಾಣ್ಯದಿಂದ ಮೆಲ್ಲಗೆ ತಟ್ಟಿ ಸದ್ದು ಕೇಳಿದ್ರು, ಎರಡು ನಳಿಗೆ ಕೂಡಿಸಿರೋ ಪಟ್ಟಿ ಬಿಟ್ಕೊಂಡಿದ್ರೆ ಸದ್ದು ಒಡಕಾಗಿ ಬರುತ್ತಂತೆ. ನಮ್ಮದು ಗಂಟೆ ಥರ ನಿಂತು ಬಂತು. ಆ ಸದ್ದು ಕೇಳಿ ಎಷ್ಟು ಖುಷಿಯಾಯ್ತು ಅಂತ ಹೇಳೋಕಾಗಲ್ಲ.

ಎಡ ನಳಿಗೆಯ ಟ್ರಿಗರ್ ಸ್ಪ್ರಿಂಗ್ ಮಾತ್ರ ಸೋತಿತ್ತು, ಬದಲಾಯಿಸಿದ್ರು.

ಆಗಸ್ಟ್, ನಾಟಿ ಮುಗಿಯೋ ಹೊತ್ತು

ಕ್ಲೀನಿಂಗ್. ನಮ್ಮ ಹವಾಮಾನದಲ್ಲಿ ತುಕ್ಕೇ ದೊಡ್ಡ ಶತ್ರು, ಜೂನಿಂದ ಸೆಪ್ಟೆಂಬರ್ ತನಕ ಗೋಡೆನೇ ಬೆವರುತ್ತೆ. ಹಿಂದಿನವರು ಅಟ್ಟದ ಹತ್ರ, ಒಲೆ ಹೊಗೆ ತಾಗೋ ಕಡೆ ಕೋವಿ ತೂಗು ಹಾಕ್ತಿದ್ದಿದ್ದಕ್ಕೆ ಕಾರಣ ಇತ್ತು, ಅಲ್ಲಿ ಒಣಗಿರ್ತಿತ್ತು. ಈಗ ಗ್ಯಾಸ್ ಒಲೆ, ಕಬ್ಬಿಣದ ಬೀರು, ಬೀರು ಒಳಗೆ ತೇವ ನಿಲ್ಲುತ್ತೆ. ಸಿಲಿಕಾ ಜೆಲ್ ಚೀಲ ಹಾಕಿದೀನಿ, ಆಗಾಗ ಬಿಸಿ ಮಾಡಿ ಒಣಗಿಸಿ ವಾಪಸ್ ಇಡ್ತೀನಿ. ಚರ್ಮದ ಚೀಲದಲ್ಲಿ ಹಾಕಿ ವರ್ಷಗಟ್ಲೆ ಇಡೋದು ಮಾತ್ರ ಬೇಡವೇ ಬೇಡ, ಚರ್ಮ ನೀರು ಹೀರ್ಕೊಂಡು ಕೋವಿಗೆ ಕೊಡುತ್ತೆ.

ನಳಿಗೆ ಒಳಗೆ ತೋಟೆ ಕಡೆಯಿಂದ ಕಂಚಿನ ಬ್ರಷ್, ಆಮೇಲೆ ಫ್ಲಾನೆಲ್ ಬಟ್ಟೆ, ಬಟ್ಟೆ ಬಿಳಿಯಾಗೇ ಹೊರಗೆ ಬರೋ ತನಕ. ಸೀಸದ ಗೆರೆಗಳು ಬಾಯಿ ಹತ್ರ ಇತ್ತು, ನಿಧಾನಕ್ಕೆ ಹೋಯ್ತು. ಕೊನೇಲಿ ತೆಳ್ಳಗೆ ರಂಗೂನ್ ಎಣ್ಣೆ, ಅಜ್ಜನ ಕಾಲದಿಂದ ನಮ್ಮನೇಲಿ ಅದೇ. ಸುರಿಯೋದಲ್ಲ, ಒರೆಸೋದು, ಜಾಸ್ತಿ ಆದ್ರೆ ಇಳಿದು ಮರಕ್ಕೆ ಹೋಗಿ ಮರ ಮೆತ್ತಗಾಗುತ್ತೆ, ಅದಕ್ಕೇ ಎಣ್ಣೆ ಹಾಕಿದ ಮೊದಲ ರಾತ್ರಿ ಕೋವಿನ ಬಾಯಿ ಕೆಳಗೆ ಮಾಡಿ ನಿಲ್ಲಿಸಿದ್ದೆ.

ಹಿಡಿ ಅಕ್ರೋಟ್ ಮರದ್ದು. ಒಂದು ಕಡೆ ಎಲ್ಲೋ ಬಡಿದು ತಗ್ಗಾಗಿತ್ತು, ಒದ್ದೆ ಬಟ್ಟೆ ಇಟ್ಟು ಮೇಲೆ ಇಸ್ತ್ರಿಪೆಟ್ಟಿಗೆ ತುದಿ ತಾಗಿಸಿದ್ರೆ ಆವಿಗೆ ಮರದ ನಾರು ಉಬ್ಬಿ ತಗ್ಗು ಮೇಲೆ ಬಂತು. ಆಮೇಲೆ ಅಗಸೆ ಎಣ್ಣೆ, ಅಂಗೈಲಿ ಬಿಸಿ ಬರೋ ಹಂಗೆ ಉಜ್ಜಿ, ಒಣಗಕ್ಕೆ ಬಿಟ್ಟು, ಮತ್ತೆ ಉಜ್ಜಿ. ಮಳೆಗಾಲದಲ್ಲಿ ಒಣಗೋಕೆ ತುಂಬಾ ಟೈಮ್ ತಗೊಳ್ಳುತ್ತೆ, ಅವಸರ ಮಾಡಿದ್ರೆ ಅಂಟಂಟಾಗಿ ಧೂಳು ಹಿಡಿಯುತ್ತೆ. ಉಜ್ಜಿದಷ್ಟೂ ಒಳಗಿನ ಗೆರೆ ಕಂದು ಬಣ್ಣದಲ್ಲಿ ತೇಲಿ ಬರ್ತಾ ಹೋಯ್ತು. ತಂಗಿ ಬಂದು ಕೂತು ಉಳಿದರ್ಧ ಅವಳೇ ಉಜ್ಜಿದ್ಲು.

ಪ್ರಾಕ್ಟೀಸ್

ಕೋವೀಲಿ ದಿನಾ ಪ್ರಾಕ್ಟೀಸ್ ಮಾಡೋಕಾಗಲ್ಲ, ತೋಟೆ ರೇಟ್ ಹಂಗಿದೆ. ನಾನೂ ತಂಗಿನೂ .177 ಏರ್ ಗನ್ನಲ್ಲಿ 10 ಮೀಟರಲ್ಲಿ, ಹಿಂದುಗಡೆ ಎತ್ತರದ ಮಣ್ಣಿನ ಬರೆ ಇರೋ ಕಡೆ ಪೇಪರ್ ಟಾರ್ಗೆಟ್ ಹೊಡೀತಿದೀವಿ. ಆ ಸೈಜಿನ, 20 ಜೌಲ್ ಮೀರದ ಏರ್ ಗನ್‌ಗೆ ಲೈಸೆನ್ಸ್ ಬೇಕಿಲ್ಲ. ಉಸಿರು ಅರ್ಧ ಬಿಟ್ಟು ನಿಲ್ಲಿಸೋದು, ಟ್ರಿಗರ್‌ನ ಕಿತ್ತು ಎಳೀದೆ ಒತ್ತೋದು, ಹೊಡೆದಾದ್ಮೇಲೂ ಒಂದು ಕ್ಷಣ ಹಾಗೇ ಹಿಡಿದು ನಿಲ್ಲೋದು, ಇದನ್ನೆಲ್ಲ ಏರ್ ಗನ್ ಚೆನ್ನಾಗಿ ಕಲಿಸುತ್ತೆ. ಟಾರ್ಗೆಟ್ ಮೇಲೆ ತಂಗಿ ಹೊಡೆದ ತೂತುಗಳ ಗುಂಪು ನನ್ನದಕ್ಕಿಂತ ಬಿಗಿ.

ಊರಿನ ಸ್ಪರ್ಧೆಗೆ ಮುಂಚೆ ಹಿರಿಯರ ಮುಂದೆ ದೊಡ್ಡ ಪೇಪರ್ ಕಟ್ಟಿ ಕೋವೀದು ಚರೆ ಹರಡೋದನ್ನೂ ನೋಡಿದ್ವಿ. ಪದ್ಧತಿ ಏನಂದ್ರೆ 40 ಗಜದಿಂದ ಹೊಡೆದು, ಚರೆ ದಟ್ಟವಾಗಿ ಬಿದ್ದಿರೋ ಕಡೆ 30 ಇಂಚಿನ ಸುತ್ತು ಎಳೆದು ಒಳಗಿನ ತೂತು ಎಣಿಸೋದು. ತೋಟೆಲಿದ್ದ ಚರೇಲಿ 70 ಪರ್ಸೆಂಟ್ ಒಳಗೆ ಬಿದ್ರೆ ಫುಲ್ ಚೋಕ್ (ಚೋಕ್ ಅಂದ್ರೆ ನಳಿಗೆ ಬಾಯಿ ಹತ್ರ ಕಿರಿದು ಮಾಡಿರೋದು), 60 ಆದ್ರೆ ಹಾಫ್ ಚೋಕ್. ನಮ್ಮದ್ರಲ್ಲಿ ಬಲ ನಳಿಗೆ ಹಾಫ್ ಹತ್ರ, ಎಡ ನಳಿಗೆ ಫುಲ್ ಹತ್ರ ಬಂತು. ಚೋಕ್ ಇರೋ ನಳಿಗೇಲಿ ಒಂಟಿ ಗುಂಡು ಹಾಕ್ಬಾರ್ದು ಅಂತ ಹಿರಿಯರು ಅಲ್ಲೇ ಎಚ್ಚರಿಸಿದ್ರು, ಅದನ್ನೂ ಪುಸ್ತಕಕ್ಕೆ ಬರೆದೆ.

ಸೆಪ್ಟೆಂಬರ್ 3 ಆದ್ಮೇಲೆ

ಕೋವಿ, ಕತ್ತಿ ಎಲ್ಲಾ ನಡುಮನೇಲಿಟ್ಟು ತೋಕ್ ಪೂ ಸಿಕ್ಕಿಸಿ ಪೂಜೆ ಆಯ್ತು. ಆ ಕೆಂಪು ಹಳದಿ ಹೂ ಸರಿಯಾಗಿ ಇದೇ ಸಮಯಕ್ಕೆ ಬೇಲೀಲಿ ಅರಳುತ್ತೆ, ಎರಡು ನಳಿಗೆಗೂ ಒಂದೊಂದು ಇಟ್ವಿ. ಕಡಂಬುಟ್ಟು, ಪಂದಿ ಕರಿ ಊಟ ಮುಗಿಸಿ ಮಧ್ಯಾಹ್ನ ಮೈದಾನಕ್ಕೆ ತೆಂಗಿನಕಾಯಿ ಹೊಡೆಯೋಕೆ ಹೋದ್ವಿ. 12 ಬೋರ್ ವಿಭಾಗದಲ್ಲಿ ನನ್ನ ಈಡಿಗೆ ಕಾಯಿ ಒಡೆದು ನೀರು ಚೆಲ್ತು, ಮುಂದಿನ ಸುತ್ತಲ್ಲಿ ತಪ್ಪಿತು. ತಂಗಿ ಏರ್ ಗನ್ ವಿಭಾಗದಲ್ಲಿ ಕೊನೇ ಸುತ್ತಿನ ತನಕ ಹೋದ್ಲು. ಸಂಜೆ ಮನೆಗೆ ಬಂದು ಊಟಕ್ಕೂ ಮುಂಚೆ ನಳಿಗೆ ಕ್ಲೀನ್ ಮಾಡಿಟ್ವಿ, ಹೊಡೆದ ದಿನಾನೇ ಮಾಡ್ಬೇಕು, ನಾಳೆಗೆ ಇಡೋ ಕೆಲಸ ಅಲ್ಲ.

ಪುತ್ತರಿಗೆ (ಕೊಡಗಿನ ಸುಗ್ಗಿ ಹಬ್ಬ) ಕದಿರು ತೆಗೆಯುವಾಗ ಈಡು ಹೊಡೆಯೋದು ಇದೇ ಕೋವೀಲಿ. ಅಷ್ಟರೊಳಗೆ ಟ್ರಂಕಿನ ಕಾಗದ ಹುಡುಕಿ ಮುತ್ತಜ್ಜ ಇದನ್ನ ಯಾರಿಂದ ತಗೊಂಡ್ರು ಅಂತ ಗೊತ್ತಾಗುತ್ತಾ ನೋಡ್ಬೇಕು. ಚಿಕ್ಕಪ್ಪನ ಮನೆಲಿ ಕೇಪಿನ ಕೋವಿ (ಕೇಪು ಸಿಡಿಸಿ ಹೊಡೆಯೋ ಹಳೇ ಥರದ್ದು) ಒಂದಿದೆ, ಅದನ್ನ ಯಾರೂ ಹೊಡೆಯಲ್ಲ, ಅದರ ಮುದ್ರೆನೂ ಫೋಟೋ ತೆಗೆದು ಇದೇ ಪುಸ್ತಕಕ್ಕೆ ಸೇರಿಸ್ತೀನಿ. ನಿಮ್ಮನೇಲೂ ಹಳೇ ಕೋವಿ ಇದ್ರೆ ಮನೆ ಹಿರಿಯರ ಹತ್ರ ಕೂತು ನಳಿಗೆ ಅಡೀಲಿರೋದನ್ನ ಬರ್ಕೊಳ್ಳಿ, ಓದೋಕಾಗದ ಮುದ್ರೆ ಇದ್ರೆ ಚಿತ್ರ ಬಿಡಿಸಿ ವಿವರಿಸಿ, ಕೋವಿ ನಂಬರ್ ಮಾತ್ರ ಹಾಕ್ಬೇಡಿ, ಗೊತ್ತಿದ್ದಷ್ಟು ಹೇಳ್ತೀನಿ.