ಕಡಂಗದಲ್ಲಿ ದನ, ರೋಮಲ್ಲೂ ದನ

ಹುತ್ತರಿ ಹಬ್ಬ ಮುಗಿದು ಕೊಯ್ಲಾದ್ಮೇಲೆ ನಮ್ಮ ಕೊಡಗಿನ ಕಡೆ ಗದ್ದೆಗೆ ದನ ಬಿಡ್ತಾರಲ್ಲ, ಆಗ ಸಂಜೆ ಐದು ಗಂಟೆ ಬಿಸಿಲಿನ ಬಣ್ಣವೇ ಬೇರೆ. ಕೂಳೆ ಎಲ್ಲಾ ಹಳದಿ, ದನದ ಬೆನ್ನಿನ ಕೂದಲು ಒಂದೊಂದೂ ಹೊಳೀತಿರುತ್ತೆ, ಹೊಟ್ಟೆ ಕಡೆ ಮಾತ್ರ ಕಪ್ಪು. ಮೊನ್ನೆ ಹಾಗೇ ನೋಡ್ತಾ ನಿಂತಾಗ ನೆನಪಾಗಿದ್ದು ಯಾನ್ ಬೋಥ್, 17ನೇ ಶತಮಾನದ ಡಚ್ ಪೇಂಟರ್. ಕೆಲವು ವರ್ಷ ರೋಮಲ್ಲಿದ್ದು ಊರಿಗೆ ವಾಪಸ್ ಹೋದವನು, ಹೋಗ್ತಾ ಅಲ್ಲಿಯ ಬಿಸಿಲನ್ನೂ ಕಟ್ಕೊಂಡು ಹೋದ ಅನ್ನಬೇಕು, ಯಾಕಂದ್ರೆ ಇಟಲಿಗೆ ಕಾಲೇ ಇಡದ ಇನ್ನೊಬ್ಬ ಡಚ್ ಪೇಂಟರ್ ಆಲ್ಬರ್ಟ್ ಕಾಯ್ಪ್ ಬೋಥ್‌ನ ಚಿತ್ರ ನೋಡಿ ನೋಡಿ ತನ್ನೂರು ಡಾರ್ಡ್‌ರೆಕ್ಟಿನ ಹೊಳೆದಂಡೆಯ ಹಸುಗಳಿಗೂ ಅದೇ ಬಂಗಾರದ ಬೆಳಕು ಬಳಿದ.

ಬರೋಕ್ ಕಾಲದ, ಅಂದ್ರೆ ಯುರೋಪಲ್ಲಿ 17ನೇ ಶತಮಾನದ ಆಸುಪಾಸಿನ, ಈ ಚಿತ್ರಗಳಲ್ಲಿ ಮುರಿದ ಕಮಾನು, ಅದರ ಕೆಳಗೆ ದನ, ಕುರಿ, ಆಡು ಇರೋದು ಮಾಮೂಲಿ. ಇದೆಲ್ಲಾ ಚಂದಕ್ಕೆ ಸೇರಿಸಿದ್ದು ಅಂತ ತುಂಬಾ ದಿನ ಅಂದ್ಕೊಂಡಿದ್ದೆ. ಅಲ್ಲ. ರೋಮಿನ ಫೋರಮ್, ಒಂದ್ಕಾಲದಲ್ಲಿ ಸಾಮ್ರಾಜ್ಯವನ್ನೇ ಆಳಿದ ಜಾಗ, ಶತಮಾನಗಟ್ಟಲೆ ಮಣ್ಣು ತುಂಬಿ ಕಂಬಗಳು ಅರ್ಧ ಹೂತು ದನದ ಸಂತೆ ಆಗ್ಬಿಟ್ಟಿತ್ತು, ಜನ ಅದನ್ನ ಕರೀತಿದ್ದ ಹೆಸರೇ ಕಾಂಪೊ ವಾಕ್ಸಿನೊ, ಅಂದ್ರೆ ದನದ ಬಯಲು! ಫ್ರೆಂಚ್ ಪೇಂಟರ್ ಕ್ಲೋಡ್ ಲೊರೇನ್ 1636ರಲ್ಲಿ ಇದನ್ನೇ ಬರೆದಿದ್ದಾನೆ, ಚಿತ್ರ ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಲ್ಲಿದೆ. ಅದ್ರಲ್ಲಿ ಸೆಪ್ಟಿಮಿಯಸ್ ಸೆವೆರಸ್ ಅನ್ನೋ ಚಕ್ರವರ್ತಿಯ ವಿಜಯದ ಕಮಾನು ನೋಡಿ, ಬುಡ ಪೂರ್ತಿ ನೆಲದೊಳಗೆ.

ಇದು ಓದಿದಾಗ ನಂಗೆ ಕಣ್ಮುಂದೆ ಬಂದಿದ್ದು ನಮ್ಮ ಬಾಣೆಯ, ಅಂದ್ರೆ ಗದ್ದೆಗೆ ಸೇರಿದ ಎತ್ತರದ ಕಾಡುಜಾಗದ, ಕಡಂಗ. ಹಿಂದೆ ನಾಡು ಕಾಯೋಕೆ ತೋಡಿದ ದೊಡ್ಡ ಕಂದಕ, ಈಗ ಅಂಚು ಕುಸಿದು, ಜರಿಗಿಡ ಬೆಳೆದು, ಮಧ್ಯಾಹ್ನ ನಮ್ಮ ದನಗಳು ನೆರಳಿಗೆ ಮಲಗೋ ಜಾಗ. ಚಿಕ್ಕವನಿದ್ದಾಗ ಅಜ್ಜಿನ ಕೇಳಿದ್ದೆ, ಇದನ್ನ ಯಾಕೆ ತೋಡಿದ್ರು ಅಂತ. "ಶತ್ರು ದಾಟ್ಬಾರ್ದು ಅಂತ ಮಗಾ. ಈಗ ನೋಡು, ನಮ್ಮ ಕರುನೂ ಹತ್ತಿ ಹೋಗುತ್ತೆ" ಅಂದಿದ್ರು, ಬೇಜಾರೇನೂ ಇಲ್ದೆ.

ನಿಕೊಲಾಸ್ ಬೆರ್ಕೆಮ್ ಅನ್ನೋ ಡಚ್ ಪೇಂಟರ್ ನಂಗೆ ಇಷ್ಟ ಆಗೋದೂ ಇದಕ್ಕೇ. ಅವನ ಪಾಳುಗೋಡೆ ಪಕ್ಕ ಯಾರೂ ಅಳ್ತಾ ಕೂತಿಲ್ಲ, ಹೆಂಗಸರು ಕತ್ತೆ ಮೇಲೆ ಕೂತು ಮಾತಾಡ್ಕೊಂಡು ಹೊಳೆ ದಾಟ್ತಾರೆ, ಹಸು ಮೊಣಕಾಲುದ್ದ ನೀರಲ್ಲಿ ನಿಂತಿರುತ್ತೆ. ಫಿಲಿಪ್ ಪೀಟರ್ ರೋಸ್ ಅನ್ನೋ ಜರ್ಮನ್ ಪೇಂಟರ್ ಅಂತೂ ರೋಮ್ ಹತ್ರ ಟಿವೊಲಿಯಲ್ಲಿ ಮನೆತುಂಬಾ ಪ್ರಾಣಿ ಸಾಕ್ಕೊಂಡು ಬರೀತಿದ್ದ, ಅವನ ಆಡುಗಳ ಕೂದಲು ಗಂಟುಗಂಟಾಗಿ ಕೊಳೆಯಾಗೇ ಇರುತ್ತೆ, ಕೊಟ್ಟಿಗೆ ವಾಸನೆ ಗೊತ್ತಿದ್ದವನಿಗೆ ಮಾತ್ರ ಆ ಥರ ಬರೆಯೋಕಾಗೋದು.

ನಿನ್ನೆ ಸಂಜೆ ಕಡಂಗದ ಅಂಚಲ್ಲಿ ನಮ್ಮ ಕೆಂದ ಹಸು ಸೂರ್ಯನಿಗೆ ಬೆನ್ನು ಹಾಕಿ ಮೆಲುಕು ಹಾಕ್ತಿತ್ತು, ಕಿವಿಯ ಅಂಚು ಬೆಳಕಿಗೆ ಕೆಂಪಗೆ, ನರ ಕೂಡ ಕಾಣ್ತಿತ್ತು. ಕತ್ತಲಾಗೋವರೆಗೂ ಹಟ್ಟಿಗೆ ಹೊಡೀಲಿಲ್ಲ ನಾನು.